ಇರಿಸುವ ಎಚ್ಚರ: ವಾಹನ ನಿಲುಗಡೆ ಮತ್ತು ನಾಲ್ಕನೆಯ ಸಮಿತಿ

ಜೈನ ಆಚಾರಗ್ರಂಥಗಳು ಹೇಳುವ ಐದು ಸಮಿತಿಗಳಲ್ಲಿ ಈರ್ಯಾಸಮಿತಿ ಎಲ್ಲರಿಗೂ ಪರಿಚಿತ. ನೆಲವನ್ನು ನೋಡಿಕೊಂಡು, ಜೀವಿಗಳಿಗೆ ನೋವಾಗದಂತೆ ನಡೆಯಬೇಕೆಂಬುದು ಅದರ ತಿರುಳು. ಭಾಷಾಸಮಿತಿ, ಏಷಣಾಸಮಿತಿಗಳ ಬಗೆಗೂ ಪ್ರವಚನಗಳಲ್ಲಿ ಸಾಕಷ್ಟು ಕೇಳುತ್ತೇವೆ. ನಾಲ್ಕನೆಯದಾದ ಆದಾನ-ನಿಕ್ಷೇಪಣ ಸಮಿತಿಯನ್ನು ಮಾತ್ರ ಪಾಠ ಹೇಳುವವರೂ ಒಂದೇ ವಾಕ್ಯದಲ್ಲಿ ಮುಗಿಸಿ ಮುಂದಕ್ಕೆ ಹೋಗುವುದು ವಾಡಿಕೆ. ಯಾವುದೇ ವಸ್ತುವನ್ನು ಎತ್ತಿಕೊಳ್ಳುವಾಗಲೂ ಇರಿಸುವಾಗಲೂ ಎಚ್ಚರದಿಂದಿರಬೇಕು ಎಂಬುದು ಅದರ ಅರ್ಥ. ದಿಗಂಬರ ಮುನಿಗಳ ಬಳಿ ಇರುವುದು ಪಿಂಛಿ, ಕಮಂಡಲು ಮತ್ತು ಶಾಸ್ತ್ರಗ್ರಂಥ ಮಾತ್ರ. ಕಮಂಡಲುವನ್ನು ನೆಲದ ಮೇಲಿಡುವ ಮೊದಲು ಅವರು ಆ ಜಾಗವನ್ನು ಕಣ್ಣಾರೆ ನೋಡುತ್ತಾರೆ, ನವಿಲುಗರಿಯ ಪಿಂಛಿಯಿಂದ ಮೃದುವಾಗಿ ಸವರುತ್ತಾರೆ, ಆಮೇಲೆ ಇಡುತ್ತಾರೆ. ಅಂಗೈಯಲ್ಲಿ ಹಿಡಿಯಬಹುದಾದ ಒಂದು ಪಾತ್ರೆಯನ್ನು ಇರಿಸಲು ಇಷ್ಟು ಎಚ್ಚರ ಬೇಕೆಂದು ನಮ್ಮ ಆಚಾರ್ಯರು ಭಾವಿಸಿದ್ದರು. ಒಂದು ಟನ್ನಿನ ಆಸುಪಾಸು ತೂಗುವ ಕಾರನ್ನು ನಾವು ಹೇಗೆ ಇರಿಸುತ್ತೇವೆ ಎಂಬುದನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬೇಕೆನ್ನಿಸಿತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲ್ಲೂಕುಗಳಲ್ಲಿ ಶಾಸನ, ಬಸದಿಗಳ ಕೆಲಸಕ್ಕಾಗಿ ಹಲವು ವರ್ಷಗಳಿಂದ ತಿರುಗುತ್ತಿದ್ದೇನೆ. ಈ ಊರುಗಳ ಪೇಟೆಗಳು ಕಾಲ್ನಡಿಗೆ ಮತ್ತು ಚಕ್ಕಡಿಗಳ ಅಳತೆಯಲ್ಲಿ ಬೆಳೆದವು. ರಾಮದುರ್ಗವು 1948ರವರೆಗೆ ಒಂದು ಚಿಕ್ಕ ಸಂಸ್ಥಾನದ ರಾಜಧಾನಿಯಾಗಿದ್ದ ಊರು. ಅದರ ಹಳೆಯ ಓಣಿಗಳಲ್ಲಿ ಒಂದು ಕಾರು ನಿಂತರೆ ಇನ್ನೊಂದು ಹಾಯುವುದು ಕಷ್ಟ. ಇತ್ತೀಚಿನ ವರ್ಷಗಳಲ್ಲಿ ಇಂಥ ಪಟ್ಟಣಗಳಿಗೂ ಸೂಪರ್ ಮಾರ್ಕೆಟ್ ಎಂಬ ಫಲಕ ಹೊತ್ತ ಅಂಗಡಿಗಳು ಬಂದಿವೆ. ಕಿರಾಣಿ ಅಂಗಡಿಯ ಕಟ್ಟೆಯ ಮುಂದೆ ನಿಂತು ಚೀಟಿ ಕೊಡುತ್ತಿದ್ದವರು ಈಗ ಒಳಗೆ ಹೋಗಿ, ತಳ್ಳುಗಾಡಿ ಹಿಡಿದು, ತಾವೇ ಆರಿಸಿ ತರುತ್ತಾರೆ. ಅದರಿಂದ ಅಂಗಡಿಯ ಮುಂದೆ ವಾಹನ ನಿಲ್ಲುವ ಹೊತ್ತೂ ಹೆಚ್ಚಿದೆ. ಆದರೆ ಅಂಗಳ ಮಾತ್ರ ನಾಲ್ಕೈದು ಕಾರುಗಳಷ್ಟೇ ಹಿಡಿಯುವಂಥದು.

ಅಂಥ ಒಂದು ಅಂಗಳದಲ್ಲಿ ಕಳೆದ ವರ್ಷ ನಡೆದದ್ದನ್ನು ಹೇಳುತ್ತೇನೆ. ಊರಿನ, ಅಂಗಡಿಯ ಹೆಸರು ಬೇಕಿಲ್ಲ. ಸೊಂಟದ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಗಿದ್ದ ನನ್ನ ಅಕ್ಕ ವಾಕರ್ ಹಿಡಿದು ಮೊದಲ ಸಲ ಪೇಟೆಗೆ ಬಂದಿದ್ದಳು. ಒಳಗೆ ಹೋಗುವಾಗ ಇಳಿಜಾರು ಹಾದಿ ತೆರವಾಗಿತ್ತು. ಹೊರಗೆ ಬರುವಷ್ಟರಲ್ಲಿ ಒಂದು ದೊಡ್ಡ ಜೀಪು ಆ ಇಳಿಜಾರಿಗೆ ಅಡ್ಡಲಾಗಿ ನಿಂತಿತ್ತು. ಉಳಿದದ್ದು ಕಂಬಿಯಿಲ್ಲದ ಮೂರು ಮೆಟ್ಟಿಲು. ಕಾವಲುಗಾರ ವಾಹನದ ಸಂಖ್ಯೆಯನ್ನು ಒಳಗೆ ಎರಡು ಸಲ ಕೂಗಿ ಬಂದ. ಯಾರೂ ಬರಲಿಲ್ಲ, ಚಾಲಕ ಪಕ್ಕದ ಬ್ಯಾಂಕಿಗೆ ಹೋಗಿದ್ದನಂತೆ. ಕಾವಲುಗಾರ ತನ್ನ ಪ್ಲಾಸ್ಟಿಕ್ ಸ್ಟೂಲನ್ನೇ ತಂದು ಅಕ್ಕನನ್ನು ಕೂರಿಸಿದ. ಅರ್ಧ ಗಂಟೆಗೂ ಮಿಕ್ಕಿ ಅವಳು ಬಾಗಿಲಲ್ಲಿ, ಹೋಗಿ ಬರುವವರ ನಡುವೆ, ತನ್ನಿಂದ ಎಲ್ಲರಿಗೂ ಅಡಚಣೆಯಾಗುತ್ತಿದೆ ಎಂಬ ಸಂಕೋಚದಲ್ಲಿ ಕುಳಿತಿದ್ದಳು. ಅಡ್ಡಗಟ್ಟಿದ್ದು ಬೇರೆಯವರ ವಾಹನ, ಸಂಕೋಚ ಪಟ್ಟುಕೊಂಡವಳು ಅವಳು.

ಕೊನೆಗೆ ಒಬ್ಬ ಯುವಕ ಓಡಿ ಬಂದ. ಸ್ಟೂಲಿನ ಮೇಲಿದ್ದವಳನ್ನು ನೋಡಿದೊಡನೆ ಅವನ ಮುಖ ಬಾಡಿತು. “ಐದ ಮಿನಿಟಿನ ಕೆಲಸ ಅಂತ ಹೋಗಿದ್ದೆರಿ ಕಾಕಾ, ತಡಾ ಆತು” ಎಂದ. ಜೀಪನ್ನು ಸರಿಸಿದ ಮೇಲೆ ತಿರುಗಿ ಬಂದು, ಅಕ್ಕನ ಚೀಲವನ್ನು ತಾನೇ ಎತ್ತಿಕೊಂಡು, ಅವಳು ನಮ್ಮ ಕಾರಿನಲ್ಲಿ ಕೂರುವವರೆಗೆ ಬಾಗಿಲು ಹಿಡಿದು ನಿಂತ. ದಾರಿಯಲ್ಲಿ ಅಕ್ಕ ಹೇಳಿದಳು: “ಹುಡುಗ ಛಲೋ ಅದಾನ ತಮ್ಮಾ. ಗಾಡಿ ನಿಂತಿದ್ದಷ್ಟ ಸರಿ ಇರಲಿಲ್ಲ.”

ಈ ಮಾತಿನಲ್ಲಿ ಇರುವ ವಿವೇಕ ದೊಡ್ಡದು. ವಾಹನವನ್ನು ಅಡ್ಡಾದಿಡ್ಡಿ ನಿಲ್ಲಿಸುವವರನ್ನು ನಾವು ಸಾಮಾನ್ಯವಾಗಿ ದುರಹಂಕಾರಿಗಳೆಂದು ಬಗೆಯುತ್ತೇವೆ. ಅಂಥವರೂ ಉಂಟು. ಆದರೆ ಹೆಚ್ಚಿನವರು ಆ ಯುವಕನಂಥವರು. ಎದುರಿಗೆ ಮನುಷ್ಯರು ಕಂಡರೆ ಕೈ ಹಿಡಿಯುವವರು, ಕಾಣದಿದ್ದಾಗ ನೆನೆಯದವರು. ಜೈನ ಪರಿಭಾಷೆಯಲ್ಲಿ ಇದಕ್ಕೆ ದ್ವೇಷವೆಂಬ ಹೆಸರಿಲ್ಲ, ಪ್ರಮಾದವೆಂಬ ಹೆಸರಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹಿಂಸೆಯನ್ನು ವಿವರಿಸುವಾಗ ಕೊಲ್ಲುವ ಕ್ರಿಯೆಗಿಂತ ಮೊದಲು ಹೇಳುವುದು ಈ ಪ್ರಮತ್ತ ಸ್ಥಿತಿಯನ್ನೇ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅದನ್ನು ಇನ್ನಷ್ಟು ಬಿಡಿಸಿದ್ದಾರೆ. ಎಚ್ಚರದಿಂದ ನಡೆಯುವವನಿಂದ ಅಕಸ್ಮಾತ್ ಜೀವಹಾನಿಯಾದರೂ ಅದು ಹಿಂಸೆಯಲ್ಲ. ಎಚ್ಚರಗೇಡಿಯಿಂದ ಯಾವ ಜೀವಿಯೂ ಸಾಯದಿದ್ದರೂ ಹಿಂಸೆ ಆಗಲೇ ನಡೆದುಹೋಗಿದೆ ಎಂಬುದು ಅವರ ನಿಲುವು. ನಿಲುಗಡೆಯ ಜಗಳಗಳಲ್ಲಿ ನಾವು ನಿತ್ಯ ಕೇಳುವ “ಏನೂ ಆಗಲಿಲ್ಲವಲ್ಲ” ಎಂಬ ಸಮಾಧಾನಕ್ಕೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು. ಅಂದು ಅಕ್ಕನಿಗೆ ಏನೂ ಆಗಲಿಲ್ಲ, ನಿಜ. ಹಾಗೆಂದು ಆ ನಿಲುಗಡೆ ನಿರ್ದೋಷವಾಗುವುದಿಲ್ಲ.

ನಡೆಯುವ ಎಚ್ಚರಕ್ಕೂ ಇರಿಸುವ ಎಚ್ಚರಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ವಾಹನ ಓಡಿಸುವಾಗ ಓಡಿಸುವವನು ಅಲ್ಲೇ ಇರುತ್ತಾನೆ, ತಪ್ಪಾದರೆ ತಿದ್ದಿಕೊಳ್ಳಬಲ್ಲ. ನಿಲ್ಲಿಸಿದ ಮೇಲೆ ಕರ್ತೃ ಹೊರಟುಹೋಗುತ್ತಾನೆ, ಕ್ರಿಯೆ ಮಾತ್ರ ಅವನ ಹೆಸರಿನಲ್ಲಿ ಮುಂದುವರಿಯುತ್ತದೆ. ಅವನು ಬ್ಯಾಂಕಿನಲ್ಲಿ ಚೀಟಿ ತುಂಬುತ್ತಿರುವಾಗಲೂ ಅವನ ವಾಹನ ಇಲ್ಲಿ ಯಾರದೋ ದಾರಿಯನ್ನು ಕಟ್ಟುತ್ತಲೇ ಇರುತ್ತದೆ. ಆದುದರಿಂದಲೇ ಇರಿಸುವ ಎಚ್ಚರವೆಲ್ಲ ಇರಿಸುವ ಆ ಒಂದು ಗಳಿಗೆಯಲ್ಲೇ ತೀರಬೇಕು. ನಿಕ್ಷೇಪಣವನ್ನು ಆಚಾರ್ಯರು ಪ್ರತ್ಯೇಕವಾಗಿ ಎಣಿಸಿದ್ದರ ಔಚಿತ್ಯ ನನಗೆ ಇಲ್ಲಿ ಕಾಣುತ್ತದೆ.

ನಮ್ಮ ಸೀಮೆಗೆ ವಾಹನ ನಿಲುಗಡೆ ಹೊಸದಲ್ಲ. ಸವದತ್ತಿಯಿಂದ ಸುಮಾರು ಐದು ಕಿಲೋಮೀಟರ್ ದೂರದ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸೇರುವ ಚಕ್ಕಡಿಗಳನ್ನು ನನ್ನ ತಲೆಮಾರಿನವರು ನೋಡಿದ್ದೇವೆ. ಜೋಗುಳಬಾವಿಯ ಕಡೆಯಿಂದ ಗುಡ್ಡದವರೆಗೆ ಬಂಡಿಗಳು ಊರೂರಿನ ಗುಂಪಾಗಿ ಬಿಡಾರ ಹೂಡುತ್ತಿದ್ದವು. ಕೊಳ್ಳು ಹರಿದ ಎತ್ತುಗಳನ್ನು ಗಾಲಿಗೆ ಕಟ್ಟಿ, ಮೇವು ಹಾಕಿ, ಮನೆಯ ಹಿರಿಯರೊಬ್ಬರು ಬಂಡಿಯ ಬುಡದಲ್ಲೇ ಕೂರುತ್ತಿದ್ದರು. ನಸುಕಿನಲ್ಲಿ ಹೊರಡುವವರಿಗೆ ಹಾದಿ ಬೇಕೆಂಬುದು ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಎಲ್ಲರೂ ಒಂದಲ್ಲ ಒಂದು ನಸುಕಿನಲ್ಲಿ ಹೊರಡುವವರೇ. ಆ ಕಾಲದಲ್ಲಿ ಜಗಳವಿರಲಿಲ್ಲವೆಂದು ಹೇಳಲಾರೆ. ಹಾದಿಗೆ ಅಡ್ಡ ಬಿಟ್ಟ ಬಂಡಿಗಾಗಿ ಬೈದಾಡುವುದನ್ನು ನಾನೇ ಕೇಳಿದ್ದೇನೆ. ಆದರೆ ಆ ಜಗಳಕ್ಕೆ ಅಲ್ಲೇ ಒಂದು ಪರಿಹಾರವಿತ್ತು. ಇಬ್ಬರು ಸೇರಿ ಮೂಕಿಯನ್ನು ಎತ್ತಿ ಬಂಡಿಯನ್ನು ಮಗ್ಗುಲಿಗೆ ತಿರುಗಿಸಬಹುದಿತ್ತು. ಬೀಗ ಹಾಕಿ, ಬ್ರೇಕ್ ಎಳೆದು ಹೋದ ಕಾರು ನೆರೆಯವರ ಕೈಯಿಂದ ಈ ಸಾಧ್ಯತೆಯನ್ನೇ ಕಿತ್ತುಕೊಂಡಿದೆ. ಬಂಡಿಯ ಬಳಿ ಒಬ್ಬ ಮನುಷ್ಯನಿದ್ದ. ಕಾರಿನ ಬಳಿ ಯಾರೂ ಇಲ್ಲ. ಹಳೆಯ ಸೌಜನ್ಯ ಕುಗ್ಗಿತೆಂದು ಕೊರಗುವುದಕ್ಕಿಂತ, ಹೊಸ ವಾಹನ ಹಳೆಯದಕ್ಕಿಂತ ಹೆಚ್ಚಿನ ಸೌಜನ್ಯವನ್ನು ಬೇಡುತ್ತದೆ ಎಂದು ತಿಳಿಯುವುದು ಸರಿಯಾದೀತು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 122ನೆಯ ಕಲಮು, ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯ, ಅಡಚಣೆ ಅಥವಾ ಅನುಚಿತ ತೊಂದರೆಯಾಗುವಂತೆ ವಾಹನವನ್ನು ಬಿಟ್ಟುಹೋಗಬಾರದೆನ್ನುತ್ತದೆ. 1989ರ ರಸ್ತೆ ನಿಯಮಗಳು ಪಾದಚಾರಿ ಮಾರ್ಗ, ತಿರುವು, ಬಸ್ ನಿಲ್ದಾಣ, ಶಾಲೆ ಮತ್ತು ಆಸ್ಪತ್ರೆಗಳ ದ್ವಾರ, ನಿಂತಿರುವ ಇನ್ನೊಂದು ವಾಹನದ ಮಗ್ಗುಲು ಎಂದು ನಿಲ್ಲಿಸಬಾರದ ಜಾಗಗಳನ್ನು ಒಂದೊಂದಾಗಿ ಎಣಿಸಿದವು. 2017ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ನಿಯಮಾವಳಿ ಬಂದಿತು. ಸಾಮಾನ್ಯ ಕಾರಿನ ನಿಲುಗಡೆಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ರೂಢಿಯ ಅಳತೆ. ವಿಕಲಚೇತನರಿಗಾಗಿ ಮೀಸಲಾದ ಜಾಗಕ್ಕೆ ಕೇಂದ್ರದ ಮಾರ್ಗಸೂಚಿಗಳು 3.6 ಮೀಟರ್ ಅಗಲವನ್ನು ಹೇಳುತ್ತವೆ. ಹೆಚ್ಚಿನ ಆ ಒಂದು ಮೀಟರಿನಷ್ಟು ಜಾಗ ಖಾಲಿ ಕಾಣಿಸುತ್ತದೆ. ಗಾಲಿಕುರ್ಚಿ ಇಳಿಸುವವರಿಗೆ ಮಾತ್ರ ಅದು ಖಾಲಿಯಲ್ಲವೆಂದು ಗೊತ್ತು. “ಹೇಗಿದ್ದರೂ ಬರಿದೇ ಇದೆ” ಎಂದು ಅಲ್ಲಿ ಬೈಕು ತೂರಿಸುವವರು ಅಚೌರ್ಯವ್ರತದ ವ್ಯಾಖ್ಯೆಯನ್ನು ಒಮ್ಮೆ ನೆನೆಯಬೇಕು. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಅಲ್ಲಿ ಕಳವು. ಕೊಟ್ಟ ಜಾಗ ಯಾರಿಗೆ ಎಂಬುದು ನೆಲದ ಮೇಲೆಯೇ ಬರೆದಿದೆ. ಆದರೆ ಅಂಗಡಿಗಳ ಅಂಗಳದೊಳಗೆ ಪೊಲೀಸರು ಬರುವುದು ವಿರಳ. ಅಲ್ಲಿ ನಡೆಯುವುದು ಆಚಾರವೊಂದೇ.

ನೆಲದ ಮೇಲಿನ ಬರಹವೆಂದಾಗ ನನ್ನಂಥವನಿಗೆ ಶಾಸನಗಳು ನೆನಪಾಗುವುದು ಸಹಜ. ಸವದತ್ತಿ, ಅಂದರೆ ಅಂದಿನ ಸುಗಂಧವರ್ತಿ, ರಟ್ಟರ ರಾಜಧಾನಿ. 980ರ ಶಾಸನವೊಂದರಲ್ಲಿ ಶಾಂತಿವರ್ಮನು ಅಲ್ಲಿ ಬಸದಿಯನ್ನು ಕಟ್ಟಿಸಿ 150 ಮತ್ತರು ಭೂಮಿಯನ್ನು ದತ್ತಿ ಬಿಟ್ಟ ವಿಷಯವಿದೆ. ಇಂಥ ದತ್ತಿಶಾಸನಗಳು ಸಾಮಾನ್ಯವಾಗಿ ಅಳತೆಯನ್ನು ಹೇಳುತ್ತವೆ, ಎಲ್ಲೆಗಳನ್ನು ಹೇಳುತ್ತವೆ, ಅದನ್ನು ಮೀರಿದವರಿಗೆ ಶಾಪವನ್ನೂ ಹಾಕುತ್ತವೆ. ಕೊಟ್ಟವನೂ ಪಡೆದವನೂ ಅಲ್ಲಿ ಇಲ್ಲದ ಕಾಲದಲ್ಲಿ ಎಲ್ಲೆಯನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಆ ಶಾಪಾಶಯ. ನಿಲುಗಡೆಯ ಹಳದಿ ಗೆರೆಗೆ ಅಂಥ ಬೆಂಬಲವಿಲ್ಲ. ಅದು ಬಣ್ಣ ಮಾತ್ರ. ಅದನ್ನು ಎಲ್ಲೆಯಾಗಿಸುವುದು ನೋಡುವವರ ಮನಸ್ಸು. ಶಾಸನಗಳ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡಬೇಕು. ಕ್ಷೇತ್ರಕಾರ್ಯದಲ್ಲಿ ಗುಡಿಯ ಮುಂದಿನ ವೀರಗಲ್ಲಿಗೆ ಬೈಕನ್ನು ಆನಿಸಿ ನಿಲ್ಲಿಸಿದ್ದನ್ನು, ಟ್ರೈಲರಿನ ಗಾಲಿ ಉರುಳದಿರಲೆಂದು ಒಡೆದ ಶಾಸನದ ತುಂಡನ್ನು ಒಡ್ಡಿದ್ದನ್ನು ನೋಡಿದ್ದೇನೆ. ಅಕ್ಷರಗಳು ಸವೆಯುವುದಕ್ಕೆ ಮಳೆ ಗಾಳಿಗಳೇ ಬೇಕಿಲ್ಲ. ಹೀಗೆ ಇರಿಸಿದವರೂ ಕೇಡು ಬಯಸಿದವರಲ್ಲ. ಕಲ್ಲನ್ನು ಅವರು ನೋಡಿರಲೇ ಇಲ್ಲ.

ಹೊರಗಿನ ಲೋಕದಲ್ಲಿ ಈ ಸಮಸ್ಯೆಗೆ ಬೆಲೆಯ ಉತ್ತರವನ್ನು ಹುಡುಕಿದರು. ಅಮೆರಿಕದ ಒಕ್ಲಹೋಮಾ ನಗರದಲ್ಲಿ 1935ರ ಜುಲೈ ತಿಂಗಳಲ್ಲಿ ನಿಲುಗಡೆಗೆ ನಾಣ್ಯ ಹಾಕುವ ಮೊದಲ ಮೀಟರನ್ನು ನೆಟ್ಟರು. ಅಂಗಡಿಯೊಳಗೆ ತಳ್ಳುವ ಸಾಮಾನು ಗಾಡಿಯನ್ನು ಸಿಲ್ವನ್ ಗೋಲ್ಡ್‌ಮನ್ ಎಂಬ ವರ್ತಕ ಬಳಕೆಗೆ ತಂದದ್ದೂ ಅದೇ ಊರಿನಲ್ಲಿ, 1937ರಲ್ಲಿ. ಸೂಪರ್ ಮಾರ್ಕೆಟ್ಟಿನ ಅಂಗಳದ ಎರಡೂ ತಂಟೆಗಳು, ಅಡ್ಡ ನಿಂತ ಕಾರು ಮತ್ತು ಎಲ್ಲೆಂದರಲ್ಲಿ ಬಿಟ್ಟ ತಳ್ಳುಗಾಡಿ, ಹೀಗೆ ಒಂದೇ ಊರಿನ ನೆನಪನ್ನು ತರುತ್ತವೆ. ಪುಕ್ಕಟೆ ನಿಲುಗಡೆಗೆ ಸಮಾಜ ತೆರುವ ಬೆಲೆಯನ್ನು ಡೊನಾಲ್ಡ್ ಶೂಪ್ ಎಂಬ ವಿದ್ವಾಂಸರು 2005ರಲ್ಲಿ ಪ್ರಕಟವಾದ ದೊಡ್ಡ ಗ್ರಂಥದಲ್ಲಿ ಲೆಕ್ಕಹಾಕಿ ತೋರಿಸಿದರು. ಜಾಗ ಹುಡುಕುತ್ತ ಸುತ್ತುವ ಕಾರುಗಳ ಬಗೆಗೆ ಅವರು ವಿಶೇಷವಾಗಿ ಬರೆದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಒಂದು ಬಗೆಯಾಗಿ ಪ್ರಮಾದಚರ್ಯೆ ಬರುತ್ತದೆ. ನೆಲ, ನೀರು, ಬೆಂಕಿ, ಗಾಳಿ, ಗಿಡಮರಗಳನ್ನು ನಿಷ್ಪ್ರಯೋಜಕವಾಗಿ ಕದಡುವುದರ ಜತೆಗೆ ವೃಥಾ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಅಲ್ಲಿ ಸೇರಿಸಿದ್ದಾರೆ. ಬಾಗಿಲಿಗೆ ಹತ್ತು ಹೆಜ್ಜೆ ಹತ್ತಿರದ ಜಾಗಕ್ಕಾಗಿ ಇಂಜಿನ್ ಆರಿಸದೆ ಸುತ್ತುವವನನ್ನೂ, ಎರಡು ಜಾಗಗಳ ನಡುವೆ ಕಾರು ನಿಲ್ಲಿಸಿ ಇನ್ನೊಬ್ಬನನ್ನು ಸುತ್ತಿಸುವವನನ್ನೂ ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ.

ಇದೆಲ್ಲ ಮುನಿಧರ್ಮವಲ್ಲವೇ, ಗೃಹಸ್ಥರಿಗೇಕೆ ಎಂದು ಕೆಲವರು ಕೇಳಬಹುದು. ಸಮಿತಿಗಳು ಮುನಿಗಳಿಗೆ ವಿಧಿಸಿದವು, ನಿಜ. ಆದರೆ ಮುನಿಗಳ ಬಳಿ ಇರಿಸಲು ಕಮಂಡಲುವಷ್ಟೇ ಇದೆ. ಲೋಕದ ದಾರಿಯನ್ನು ಅಡ್ಡಗಟ್ಟಬಲ್ಲ ವಸ್ತುಗಳೆಲ್ಲ ಗೃಹಸ್ಥರ ಬಳಿಯೇ ಇವೆ. ವಸ್ತು ದೊಡ್ಡದಾದಷ್ಟೂ ಅದನ್ನು ಇರಿಸುವ ಎಚ್ಚರ ದೊಡ್ಡದಾಗಬೇಕೆಂಬುದು ತರ್ಕಕ್ಕೆ ಒಪ್ಪುವ ಮಾತು.

ಮಾಡಬೇಕಾದದ್ದು ಹೆಚ್ಚೇನಲ್ಲ. ಗೆರೆಯೊಳಗೆ ನಿಲ್ಲಿಸಬೇಕು. ಮಗ್ಗುಲಿನವರ ಬಾಗಿಲು ತೆರೆಯುವಷ್ಟು ಜಾಗ ಉಳಿದಿದೆಯೇ ಎಂದು ನೋಡಬೇಕು. ಇಳಿಜಾರು, ಮೀಸಲು ಜಾಗ, ಗೇಟುಗಳನ್ನು ಐದು ನಿಮಿಷಕ್ಕೂ ಮುಟ್ಟಬಾರದು. ಐದು ನಿಮಿಷವೆಂಬುದು ಹೋಗುವವನ ಅಳತೆ, ಕಾಯುವವರ ಅಳತೆಯಲ್ಲ. ಅನಿವಾರ್ಯವಾಗಿ ಯಾರಿಗಾದರೂ ಅಡ್ಡವಾಗುವುದಾದರೆ ಗಾಜಿನ ಮೇಲೆ ಮೊಬೈಲ್ ಸಂಖ್ಯೆ ಬರೆದ ಚೀಟಿಯನ್ನಿಡಬೇಕು. ಬಂಡಿಯ ಬುಡದಲ್ಲಿ ಕೂರುತ್ತಿದ್ದ ಹಿರಿಯರ ಬದಲಿಗೆ ಅಷ್ಟಾದರೂ ಇರಲಿ. ಸಾಮಾನು ಇಳಿಸಿದ ಮೇಲೆ ತಳ್ಳುಗಾಡಿಯನ್ನು ಅದರ ಜಾಗಕ್ಕೆ ಮುಟ್ಟಿಸಬೇಕು. ಇಳಿದು ಬೀಗ ಹಾಕಿದ ಮೇಲೆ ಒಮ್ಮೆ ಹಿಂದಿರುಗಿ, ಆ ವಾಹನ ತನ್ನದಲ್ಲವೆಂಬಂತೆ ಅದನ್ನು ನೋಡಬೇಕು. ಪಿಂಛಿಯಿಂದ ನೆಲ ಸವರುವುದಕ್ಕೆ ಗೃಹಸ್ಥರ ಬದುಕಿನಲ್ಲಿ ಸಮನಾದದ್ದು ಈ ಒಂದು ನೋಟ. ಅದಕ್ಕೆ ತಗಲುವ ಹೊತ್ತು ಒಂದು ಉಸಿರಿನಷ್ಟು.