ಬೀಗ ತೆಗೆಯದ ವಿಮಾನ

ಊರಿಗೆ ಹೊರಟಾಗಲೆಲ್ಲ ನಮ್ಮಾಕೆ ಬಾಗಿಲಿನ ಬೀಗವನ್ನು ಮೂರು ಸಲ ಜಗ್ಗಿ ನೋಡುತ್ತಾಳೆ. ಕೆಳಗೆ ಟ್ಯಾಕ್ಸಿ ಕಾಯುತ್ತಿದ್ದರೂ ಸರಿ, ಮತ್ತೊಮ್ಮೆ ಒಳಗೆ ಹೋಗಿ ಗ್ಯಾಸಿನ ರೆಗ್ಯುಲೇಟರ್ ಮುಟ್ಟಿ ಬರುತ್ತಾಳೆ. ಹದಿನೆಂಟು ವರ್ಷ ನಾವು ಇದಕ್ಕೆ ನಕ್ಕಿದ್ದೇವೆ. ಈಗ ನಗುವುದಿಲ್ಲ. ಕಾರಣ, ಅಮೆರಿಕದ ಒಂದು ವಿಮಾನ.

ಘಾಟ್‌ಕೋಪರಿನ ನಮ್ಮ ಕ್ವಾರ್ಟರ್ಸಿನ ನೆತ್ತಿಯ ಮೇಲೆಯೇ ವಿಮಾನಗಳು ಇಳಿಯಲು ಹೋಗುತ್ತವೆ. ಓದಿದ ಬಿ.ಎಸ್ಸಿ. ಕಚೇರಿಯಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ವಿಮಾನಾಪಘಾತಗಳ ತನಿಖಾ ವರದಿ ಓದುವ ಚಟವೊಂದನ್ನು ಮಾತ್ರ ಉಳಿಸಿದೆ.

2014ರ ಮೇ 31ರ ರಾತ್ರಿ ಬಾಸ್ಟನ್ ಸಮೀಪದ ಬೆಡ್‌ಫರ್ಡ್‌ನಿಂದ ಗಲ್ಫ್‌ಸ್ಟ್ರೀಮ್ ಜಿ-4 ಎಂಬ ಖಾಸಗಿ ಜೆಟ್ ಅಟ್ಲಾಂಟಿಕ್ ಸಿಟಿಗೆ ಹೊರಟಿತು. ಇಬ್ಬರು ಪೈಲಟರು, ಒಬ್ಬ ಪರಿಚಾರಕಿ, ನಾಲ್ವರು ಪ್ರಯಾಣಿಕರು. ನಿಂತ ವಿಮಾನದ ರೆಕ್ಕೆ-ಬಾಲಗಳ ಆಡುವ ಭಾಗಗಳು ಗಾಳಿಗೆ ಬಡಿದಾಡದಿರಲೆಂದು ಅದಕ್ಕೊಂದು ಬೀಗವಿದೆ. ಎಂಜಿನ್ ಚಾಲೂ ಮಾಡುವ ಮೊದಲೇ ಅದನ್ನು ತೆಗೆಯಬೇಕು. ತೆಗೆಯಲಿಲ್ಲ. ಹಾರುವ ಮುನ್ನ ಚುಕ್ಕಾಣಿಯನ್ನು ಎಲ್ಲ ದಿಕ್ಕಿಗೂ ಪೂರ್ತಿ ಆಡಿಸಿ ನೋಡಿದ್ದರೆ ತಕ್ಷಣ ತಿಳಿಯುತ್ತಿತ್ತು. ಅದನ್ನೂ ಮಾಡಲಿಲ್ಲ. ರನ್‌ವೇ ಮೇಲೆ ವೇಗ ಏರಿತು, ಮೂತಿ ಏಳಲಿಲ್ಲ. ಬೀಗ ಬಿದ್ದಿದೆಯೆಂದು ಪೈಲಟ್ ಹೇಳಿದ ಕ್ಷಣದಿಂದ 11 ಸೆಕೆಂಡಿನೊಳಗೆ ಓಟವನ್ನು ಪೂರ್ತಿ ಕೈಬಿಟ್ಟಿದ್ದರೆ ವಿಮಾನ ನಿಲ್ಲುತ್ತಿತ್ತು. ಅವರು ಹೇಗಾದರೂ ಹಾರಿಸಲು ನೋಡಿದರು. ವೇಗ ಗಂಟೆಗೆ ಸುಮಾರು 300 ಕಿಲೋಮೀಟರ್ ಮುಟ್ಟಿತ್ತು. ರನ್‌ವೇ ಮುಗಿಯಿತು, ದೀಪಗಳನ್ನೂ ಆಂಟೆನಾವನ್ನೂ ಬೇಲಿಯನ್ನೂ ಮುರಿದುಕೊಂಡು ಹೋಗಿ ತೊರೆಯ ಕೊರಕಲಿಗೆ ಬಿತ್ತು, ಹೊತ್ತಿಕೊಂಡಿತು. ಏಳೂ ಜನ ತೀರಿಕೊಂಡರು.

ಬೀಗವಿದ್ದಾಗ ಎಂಜಿನ್ನಿನ ಹಿಡಿ ಮುಂದಕ್ಕೆ ಹೆಚ್ಚು ಸರಿಯಬಾರದಿತ್ತು. ವಿನ್ಯಾಸದಲ್ಲಿ ದೋಷವಿತ್ತು, ಸರಕಾರದವರು ನಕ್ಷೆ ನೋಡಿಯೇ ಒಪ್ಪಿಗೆ ಕೊಟ್ಟಿದ್ದರು. (ಕಾಗದ ನೋಡಿ ಸಹಿ ಹಾಕುವುದು ನಮ್ಮ ದೇಶದ್ದೇ ರೋಗವೆಂದು ತಿಳಿದಿದ್ದೆವು!)

ಆದರೆ ನಮ್ಮ ನಿದ್ದೆ ಕೆಡಿಸಿದ್ದು ಬೇರೆ ಮಾತು. ಆ ಪೈಲಟರು ನುರಿತವರು, ಹಲವು ವರ್ಷ ಜೊತೆಯಾಗಿಯೇ ಹಾರಿಸಿದವರು. ವಿಮಾನದೊಳಗಿನ ದಾಖಲೆ ತೆಗೆದು ನೋಡಿದರೆ, ಹಿಂದಿನ 175 ಹಾರಾಟಗಳಲ್ಲಿ ಚುಕ್ಕಾಣಿಯ ಪೂರ್ಣ ಪರೀಕ್ಷೆ ನಡೆದದ್ದು ಎರಡೇ ಸಲ! 173 ಸಲ ಏನೂ ಆಗಿರಲಿಲ್ಲ. ಪರಸ್ಪರ ಕೇಳುವ ಅಗತ್ಯವೂ ಅವರಿಗೆ ಕಂಡಿರಲಾರದು.

ಕಚೇರಿಯಲ್ಲಿ ನಮ್ಮ ಪಕ್ಕದ ಮೇಜಿನವರೂ ನಾವೂ ಹನ್ನೊಂದು ವರ್ಷಗಳ ಜೊತೆಗಾರರು. ಅವರು ‘ತಯಾರಿಸಿದವರು’, ನಾವು ‘ಪರಿಶೀಲಿಸಿದವರು’. ಅವರ ಸಹಿಯ ಕೆಳಗೆ ನಮ್ಮ ಸಹಿ ತಾನಾಗಿ ಬೀಳುತ್ತಿತ್ತು. ಒಮ್ಮೆ ಕುಟುಂಬ ಪಿಂಚಣಿಯ ಕಾಗದದಲ್ಲಿ ಬ್ಯಾಂಕ್ ಖಾತೆಯ ಒಂದು ಅಂಕೆ ತಪ್ಪಿ, ವಿಧವೆಯೊಬ್ಬರಿಗೆ ಐದು ತಿಂಗಳು ಹಣ ಸೇರಲಿಲ್ಲ. ಸಾತಾರದ ಕಡೆಯಿಂದ ಮೂರು ಸಲ ಬಂದು ನಮ್ಮ ಮೇಜಿನೆದುರು ನಿಂತರು. ಆಕೆ ಜಗಳವಾಡಿದ್ದರೆ ಚೆನ್ನಾಗಿತ್ತು. ತಮ್ಮ ಕಾಗದದಲ್ಲೇ ಏನೋ ತಪ್ಪಿರಬೇಕೆಂದು ಕೈಮುಗಿದರು. ತಪ್ಪು ಅಂಕೆಯ ಕೆಳಗೆ ನಮ್ಮ ಸಹಿ ದುಂಡಗೆ ಕುಳಿತಿತ್ತು.

ಆ ವರದಿ ಓದಿದ ಮರುದಿನ ಕಡತವೊಂದನ್ನು ಗೆಳೆಯರತ್ತ ಸರಿಸಿ, “ಅಂಕೆಗಳನ್ನು ಗಟ್ಟಿಯಾಗಿ ಓದಿ, ನಾವು ಮೂಲದೊಂದಿಗೆ ತಾಳೆ ನೋಡುತ್ತೇವೆ” ಎಂದೆವು. “ಏನು ಸಾಹೇಬರೇ, ನನ್ನ ಮೇಲೆ ನಂಬಿಕೆ ಹೋಯಿತೆ?” ಎಂದು ಮುಖ ಊದಿಸಿದರು. ಎರಡು ದಿನ ಚಹಾಕ್ಕೂ ಜೊತೆಗೆ ಬರಲಿಲ್ಲ. ಮೂರನೆಯ ದಿನ ಕುರ್ಚಿಯನ್ನು ನಮ್ಮ ಪಕ್ಕಕ್ಕೆ ಎಳೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಅಂಕೆ ಓದತೊಡಗಿದರು.