ನೈಟ್ ಶಿಫ್ಟ್ ಡೈರಿ, ಭಾಗ 4: ಮೂರನೇ ನಂಬರಿನ ಮೆಸೇಜು

ಫೋಟೋದಲ್ಲಿರೋದು ನಮ್ಮ ನಲ್ಲೂರಿನ ಹುಣಸೆ ತೋಪು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆಯ್ತಲ್ಲ, ಅದೇ. ಕೆಲಸದ ಜಾಗದಲ್ಲಿ ಫೋಟೋ ತೆಗೆಯೋ ಹಾಗಿಲ್ಲ. ಆವತ್ತು ಬೆಳಗ್ಗೆ ಸೀದಾ ಮನೆಗೆ ಹೋಗೋಕೆ ಮನಸ್ಸಾಗದೆ ಇಲ್ಲಿ ಕೂತಿದ್ದೆ, ಆಗ ತೆಗೆದದ್ದು.

ನಿನ್ ಕೆಲಸ ಏನೋ ಅಂತ ಕೇಳ್ತಿರ್ತೀರಲ್ಲ. ಒಂದು ಗೋಡೌನಿನ ನೆಟ್‌ವರ್ಕ್ ಸ್ವಿಚ್‌ಗಳು ಕಳಿಸೋ ಮೆಸೇಜ್ ನೋಡ್ಕೊಂಡು ಕೂರೋದು. ಪ್ರತಿ ಮೆಸೇಜಿಗೂ 0ಯಿಂದ 7ರವರೆಗೆ ಒಂದು ನಂಬರ್ ಇರುತ್ತೆ, ಸಿವಿಯರಿಟಿ ಅಂತಾರೆ. ನಂಬರ್ ಕಮ್ಮಿ ಆದಷ್ಟೂ ತೊಂದರೆ ಜಾಸ್ತಿ. 0 ಎಮರ್ಜೆನ್ಸಿ, 1 ಅಲರ್ಟ್, 2 ಕ್ರಿಟಿಕಲ್, 3 ಎರರ್, 4 ವಾರ್ನಿಂಗ್, 5 ನೋಟಿಸ್, 6 ಬರೀ ಮಾಹಿತಿ, 7 ಡೀಬಗ್. ಮೊದಲ ವಾರ ನಾನು ಉಲ್ಟಾ ತಿಳ್ಕೊಂಡು 6 ಬಂದಾಗೆಲ್ಲ ಎದ್ದು ನಿಲ್ತಿದ್ದೆ. ನಗಬೇಡಿ.

ತಲೆನೋವು 3ರದ್ದು. ಯಾರೋ ಕಂಪ್ಯೂಟರ್ ಆಫ್ ಮಾಡಿದ್ರೆ ಪೋರ್ಟ್ ಡೌನ್ ಅಂತ 3, ಆನ್ ಮಾಡಿದ್ರೆ ಅಪ್ ಅಂತ ಇನ್ನೊಂದು 3. ಸಂಜೆ ಆಫೀಸ್ ಖಾಲಿಯಾಗೋ ಹೊತ್ತಿಗೆ ಸ್ಕ್ರೀನ್ ತುಂಬ ಕೆಂಪು. ಬೇಜಾರಾಗಿ 3ರಿಂದ ಕೆಳಗಿನದ್ದು ಯಾವುದೂ ಕಾಣದ ಹಾಗೆ ಫಿಲ್ಟರ್ ಹಾಕ್ಬಿಟ್ಟೆ. ಯಾರಿಗೂ ಹೇಳಲಿಲ್ಲ.

ಮೂರನೇ ರಾತ್ರಿ ಎರಡು ಗಂಟೆಗೆ ಸೆಕ್ಯುರಿಟಿ ಅಣ್ಣನ ಫೋನು. "ಹಿಂದಿನ ಗೇಟಿನ ಕ್ಯಾಮೆರಾ ಒಂದೂ ಬರ್ತಿಲ್ಲ ಕಣಪ್ಪ, ಮುಕ್ಕಾಲು ಗಂಟೆ ಆಯ್ತು."

ಫಿಲ್ಟರ್ ತೆಗೆದು ನೋಡಿದೆ. ಆ ಗೇಟಿನ ಸ್ವಿಚ್ಚಿಗೆ ಹೋಗೋ ಫೈಬರ್ ಕೇಬಲ್ಲು ಸಂಜೆಯಿಂದ ಹನ್ನೊಂದು ಸಲ ಬಿದ್ದು ಎದ್ದಿತ್ತು. ಆಮೇಲೆ ಬಿದ್ದದ್ದು ಏಳಲೇ ಇಲ್ಲ. ಗೇಟಿನ ಸ್ವಿಚ್ ಎಷ್ಟೇ ಕೂಗಿಕೊಂಡ್ರೂ ನಮಗೆ ಕೇಳಿಸಲ್ಲ, ಅದರ ಮೆಸೇಜೂ ಅದೇ ಕೇಬಲ್ಲಿನಲ್ಲೇ ಬರಬೇಕು. ಈ ಕಡೆಯ ಸ್ವಿಚ್ ಮಾತ್ರ ಪ್ರತಿ ಸಲವೂ 3 ಅಂತ ಹೇಳಿತ್ತು. ಕ್ಯಾಮೆರಾಗಳಿಗೆ ಕರೆಂಟ್ ಹೋಗೋದು ಗೇಟಿನ ಸ್ವಿಚ್ಚಿಂದಲೇ, ಹಾಗಾಗಿ ಅವುಗಳ ಲೈಟು ಉರೀತಾನೇ ಇತ್ತು. ಟಿವಿ ಕೆಟ್ಟಿರಬೇಕು ಅಂದ್ಕೊಂಡು ಅಣ್ಣ ಕಾದಿದ್ರು. ಆಮೇಲೆ ಬೆಳಗಿನವರೆಗೂ ಟಾರ್ಚ್ ಹಿಡ್ಕೊಂಡು ಹಿಂದಿನ ಗೇಟಲ್ಲಿ ತಿರುಗಿದ್ರು.

ಬೆಳಗ್ಗೆ ಸೂಪರ್‌ವೈಸರ್ ಮೊದಲು ಕೇಳಿದ್ದು ಅವರನ್ನೇ. ಲೇಟಾಗಿ ಯಾಕೆ ಹೇಳಿದೆ, ನಿದ್ದೆ ಹೊಡೀತಿದ್ಯಾ ಅಂತ. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ನಿಮಿಷ ಬಾಯಿ ಬಿಡಲಿಲ್ಲ. ಆ ಒಂದು ನಿಮಿಷ ಇವತ್ತಿಗೂ ನೆನಪಾದ್ರೆ ಮೈ ಮುದುಡುತ್ತೆ. ಆಮೇಲೆ "ಅವರದ್ದಲ್ಲ ಸಾರ್, ಫಿಲ್ಟರ್ ಹಾಕಿದ್ದು ನಾನು" ಅಂದೆ.

ಸೀನಿಯರ್ ಅಕ್ಕ ಬೈಯಲಿಲ್ಲ. "ನಂಬರ್ ಕೊಡೋದು ಸ್ವಿಚ್ಚು. ವೈರಿನ ಆ ತುದೀಲಿ ಒಂದು ಕಂಪ್ಯೂಟರ್ ಇದ್ಯೋ ಇಡೀ ಗೇಟೇ ಇದ್ಯೋ ಅದಕ್ಕೇನ್ ಗೊತ್ತು?" ಅಂದ್ರು. ಎರಡು ದಿನ ಕೂತು ಪ್ರತಿ ಪೋರ್ಟಿಗೂ ಹೆಸರು ಬರೆದೆ. ಟೇಬಲ್ ಕಂಪ್ಯೂಟರಿನ ಪೋರ್ಟ್‌ಗಳಲ್ಲಿ ಮಾತ್ರ ಅಪ್-ಡೌನ್ ಮೆಸೇಜ್ ನಿಲ್ಲಿಸಿದೆ (ಸಿಸ್ಕೊ ಕಲಿಯೋರಿಗೆ: ಪೋರ್ಟಿನೊಳಗೆ 'ನೋ ಲಾಗಿಂಗ್ ಈವೆಂಟ್ ಲಿಂಕ್-ಸ್ಟೇಟಸ್'). ಸ್ವಿಚ್ಚಿಂದ ಸ್ವಿಚ್ಚಿಗೆ ಹೋಗೋ ಪೋರ್ಟ್ ಬಿದ್ರೆ ಈಗ ಸೈರನ್ ಥರ ಶಬ್ದ ಬರುತ್ತೆ.

ಮಾರನೇ ರಾತ್ರಿ ಟೀ ಕುಡಿಯೋವಾಗ ಅಣ್ಣ, "ಏನಂತಪ್ಪ ನಿನ್ ಕಂಪ್ಯೂಟರ್ರು?" ಅಂದ್ರು.

"ಫಿಲ್ಟರ್ ತೆಗ್ದಿದೀನಣ್ಣ" ಅಂದೆ. ಅವರ ಟೀ ದುಡ್ಡೂ ನಾನೇ ಕೊಟ್ಟೆ.