ಓವನ್ ಬಂದ ಮನೆಗಳು

ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಈಗ ಓವನ್ ಇದೆ. ಮೈಕ್ರೋವೇವ್ ಅಲ್ಲ, ಅಡುಗೆ ಕಟ್ಟೆಯ ಮೇಲೆ ಕೂರುವ, ಮೇಲೂ ಕೆಳಗೂ ಕಾಯುವ ಸರಳುಗಳಿರುವ, ಒಳಗೊಂದು ಸಣ್ಣ ಫ್ಯಾನ್ ತಿರುಗುವ ಪೆಟ್ಟಿಗೆ. ಅಂಗಡಿಯವರು ಅದನ್ನು ಓಟಿಜಿ ಎನ್ನುತ್ತಾರೆ. ಇದು ನಮಗೆ ತೀರಾ ಹೊಸತೇನಲ್ಲ. ನಮ್ಮ ಅಜ್ಜಿ ಪದರ ಪದರವಾಗಿ ಮಾಂಸ ತುಂಬಿದ ಪತ್ತಿರ್ ಮಾಡುವಾಗ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ತೆಂಗಿನ ಚಿಪ್ಪಿನ ಕೆಂಡ ಹರಡುತ್ತಿದ್ದರು. ಓವನ್ ಮಾಡುವುದೂ ಅದನ್ನೇ. ಫ್ಯಾನ್ ಮಾತ್ರ ಅಜ್ಜಿಯ ಬಳಿ ಇರಲಿಲ್ಲ.

ತೊಂದರೆ ಕೊಡುವುದೂ ಆ ಫ್ಯಾನೇ. ಬಿಸಿಗಾಳಿ ಸುತ್ತುತ್ತಿರುವುದರಿಂದ ತಿಂಡಿಯ ಮೇಲ್ಮೈ ಬೇಗ ಕೆಂಪಾಗುತ್ತದೆ. ಪುಸ್ತಕದಲ್ಲಿ 180 ಡಿಗ್ರಿ ಎಂದಿದ್ದರೆ, ಫ್ಯಾನ್ ಹಾಕಿದಾಗ 160ಕ್ಕೆ ಇಳಿಸಬೇಕು. ಇದು ತಿಳಿಯದೆ ನನ್ನ ನಾದಿನಿಯ ಮೊದಲ ಮೂರು ಕೇಕ್‌ಗಳು ಮೇಲೆ ಬಿರಿದು, ನಡುವೆ ಹಸಿಯಾಗಿಯೇ ಉಳಿದವು. ಕೋಳಿಗೆ ಮಾತ್ರ ಫ್ಯಾನ್ ಬಹಳ ಒಳ್ಳೆಯದು, ಚರ್ಮ ಗರಿಗರಿಯಾಗುತ್ತದೆ. ಆದರೆ ಕೆಳಗಿನ ತಟ್ಟೆಗೆ ಬಿದ್ದ ಕೊಬ್ಬನ್ನು ಅಂದೇ ಒರೆಸದಿದ್ದರೆ ಮರುದಿನ ಅಡುಗೆ ಮನೆ ತುಂಬ ಹೊಗೆ.

ಮೂಲೆ ಮನೆಯ ಓವನ್ ದುಬೈಯಿಂದ ಬಂದದ್ದು. ಅಲ್ಲಿನ ಪ್ಲಗ್‌ಗೆ ಚಪ್ಪಟೆ ಮೂರು ಕಾಲು. ನಮ್ಮ ಸಾಕೆಟ್‌ಗೆ ಹೋಗುವುದಿಲ್ಲ. ಅವರು ಅಗ್ಗದ ಅಡಾಪ್ಟರ್ ತಂದು, ಟಿವಿ ಹಾಕುವ ಸಣ್ಣ ಸಾಕೆಟ್‌ಗೆ ಚುಚ್ಚಿದರು. ಸಾಕೆಟ್ ಕರಗಿ ಗೋಡೆ ಕಪ್ಪಾಯಿತು. ಪುಣ್ಯಕ್ಕೆ ಮಕ್ಕಳು ಹತ್ತಿರ ಇರಲಿಲ್ಲ. 1500 ವ್ಯಾಟ್‌ನ ಓವನ್ ಆರೂವರೆ ಆಂಪಿಯರ್ ಎಳೆಯುತ್ತದೆ, ಸಣ್ಣ ಸಾಕೆಟ್ ಇರುವುದು ಆರಕ್ಕೆ. ಓವನ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆದು 16 ಆಂಪಿಯರ್‌ನ ಸಾಕೆಟ್ ಹಾಕಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿ. ಎಕ್ಸ್‌ಟೆನ್ಷನ್ ವೈರ್ ಅಂತೂ ಬೇಡವೇ ಬೇಡ.

ಇನ್ನು ಪಕ್ಕದ ಮನೆಯ ಕತೆ. ಗಂಡನ ಕೆಲಸ ಹೋದ ಮೇಲೆ ಆಕೆ ಕೇಕ್ ಮಾಡಿ ಮಾರತೊಡಗಿದಳು. ಕೈ ಹದ ಚೆನ್ನಾಗಿದೆ, ಗಿರಾಕಿಗಳೂ ಇದ್ದಾರೆ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ಒಂದು ಸಂಜೆ ಲೆಕ್ಕದ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದಳು. ಮೈದಾ, ಮೊಟ್ಟೆ, ಬೆಣ್ಣೆ, ಸಕ್ಕರೆ ಎಲ್ಲವೂ ಬರೆದಿತ್ತು. ಕರೆಂಟ್ ಬರೆದಿರಲಿಲ್ಲ.

"ಅದು ಫ್ರೀ ಅಲ್ವಾ ಟೀಚರ್?" ಎಂದಳು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಹಲವರು ಹಾಗೆಯೇ ತಿಳಿದಿದ್ದಾರೆ. ಆದರೆ ಪ್ರತಿ ಮನೆಗೂ ಅದರ ಹಿಂದಿನ ಬಳಕೆಯ ಸರಾಸರಿ ನೋಡಿ ಒಂದು ಮಿತಿ ಹಾಕಿದ್ದಾರೆ. ಅದನ್ನು ದಾಟಿದರೆ ಹೆಚ್ಚಿನದಕ್ಕೆ ಹಣ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಓವನ್ ಬಿಡದೆ ಒಂದು ಗಂಟೆ ಉರಿದರೆ ಒಂದೂವರೆ ಯೂನಿಟ್. ಕಾವು ಸಾಕಾದಾಗ ಅದು ತಾನೇ ಆರಿ ಮತ್ತೆ ಹತ್ತುವುದರಿಂದ, ಮೊದಲೇ ಕಾಯಿಸುವ ಹತ್ತು ನಿಮಿಷ ಸೇರಿ ಒಂದು ಕೇಕಿಗೆ ಹೆಚ್ಚೆಂದರೆ ಒಂದು ಯೂನಿಟ್ ಎಂದು ಇಟ್ಟುಕೊಂಡೆವು. ಅವಳ ಹಳೆಯ ಬಿಲ್ಲುಗಳನ್ನು ತರಿಸಿ ನೋಡಿದೆವು. ಎರಡು ತಿಂಗಳು 200 ದಾಟಿತ್ತು.

"ನಿನ್ನ ಕೂಲಿ ಎಲ್ಲಿ ಬರೆದಿದ್ದೀ?" ಎಂದು ಕೇಳಿದೆ.

"ನನಗೆಂಥ ಕೂಲಿ? ಮನೆಯಲ್ಲೇ ಇರ್ತೇನಲ್ಲ."

ಕಲಸುವುದು, ಬೇಯಿಸುವುದು, ಆರಿಸಿ ಕ್ರೀಮ್ ಹಚ್ಚುವುದು, ಪಾತ್ರೆ ತೊಳೆಯುವುದು ಸೇರಿ ಒಂದು ಕೇಕಿಗೆ ಅವಳ ಮೂರು ಗಂಟೆ ಹೋಗುತ್ತಿತ್ತು. ಬೇಕರಿಯವನು ಆಳಿಗೆ ಕೊಡುವ ಸಂಬಳವನ್ನು ಕೇಕಿನ ಬೆಲೆಯಲ್ಲೇ ಸೇರಿಸುತ್ತಾನೆ. ಇವಳು ಅದೇ ಬೆಲೆಗಿಂತ ನೂರು ರೂಪಾಯಿ ಕಡಿಮೆಗೆ ಮಾರಿ, ಅಗ್ಗ ಎಂದು ಹೊಗಳಿಸಿಕೊಳ್ಳುತ್ತಿದ್ದಳು. ಬಂಧುಗಳಂತೂ ಅದರಲ್ಲೂ ಚೌಕಾಶಿ ಮಾಡುತ್ತಿದ್ದರು. ಅವರ ವಿಷಯ ಇಲ್ಲಿ ಬೇಡ.

ಅಂದು ಪುಸ್ತಕದಲ್ಲಿ ಇನ್ನೆರಡು ಸಾಲು ಸೇರಿದವು: ಕರೆಂಟ್, ಕೂಲಿ. ಕೇಕಿಗೆ ನೂರು ರೂಪಾಯಿ ಏರಿತು. ಇಬ್ಬರು ಗಿರಾಕಿಗಳು ಬಿಟ್ಟುಹೋದರು. ಕಳೆದ ಈದ್‌ಗೆ ಹನ್ನೊಂದು ಆರ್ಡರ್ ಬಂದಿತ್ತಂತೆ, ಅವಳು ಒಪ್ಪಿಕೊಂಡದ್ದು ಆರು.